ಚುಕ್ಕಿಯೂ ಇದ್ದ ನಮ್ಮ ಮದುವೆ

ಮದುವೆಗೆ ನಾಯಿಯನ್ನೂ ಕರೆದುಕೊಂಡು ಬರುತ್ತೇವೆ ಎಂದಾಗ ಹೆಚ್ಚಿನವರು ಕೇಳಿದ್ದು ಉಂಗುರ ಅವಳೇ ಹೊತ್ತು ತರುತ್ತಾಳಾ, ಯಾವ ಡ್ರೆಸ್ ಹೊಲಿಸಿದ್ದೀರಿ ಅಂತ. ನಮ್ಮಿಬ್ಬರ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಅಷ್ಟು ಜನ, ಅಷ್ಟು ಸದ್ದು, ಅಷ್ಟೊಂದು ವಾಸನೆಗಳ ನಡುವೆ ಚುಕ್ಕಿ ಹೆದರದೆ ಎಷ್ಟು ಹೊತ್ತು ಇರಬಲ್ಲಳು? ಅದಕ್ಕೆ ಉತ್ತರ ಸಿಗಲಿ, ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸೋಣ ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಈಗ ಮದುವೆ ಮುಗಿದಿದೆ. ಹೇಗೆ ಮಾಡಿದಿರಿ ಎಂದು ತುಂಬಾ ಜನ ಕೇಳುತ್ತಿದ್ದಾರೆ. ಅದಕ್ಕೇ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಚುಕ್ಕಿ ಬೀದಿಯಿಂದ ಮನೆಗೆ ಬಂದವಳು. ಕಂದು ಬಣ್ಣ, ಎದೆ ಮೇಲೊಂದು ಬಿಳಿ ಮಚ್ಚೆ. ನಮ್ಮಿಬ್ಬರ ಜೊತೆ ಸಲಿಗೆ ಜಾಸ್ತಿ. ಪರಿಚಯದವರ ಜೊತೆಯೂ ಚೆನ್ನಾಗಿರುತ್ತಾಳೆ. ಹೊಸಬರು ಮೇಲಿಂದ ಬಗ್ಗಿ ತಲೆ ಸವರಲು ಹೋದರೆ ಮಾತ್ರ ಹಿಂದೆ ಸರಿಯುತ್ತಾಳೆ. ದಿಢೀರ್ ಸದ್ದಂತೂ ಆಗುವುದೇ ಇಲ್ಲ. ಇಂಥ ನಾಯಿಯನ್ನು ಮದುವೆಗೆ ತರುವುದೇ ಬೇಡ ಎಂದವರೂ ಇದ್ದರು. ಅವರು ಸುಮ್ನೆ ಹೇಳಿದ್ದಲ್ಲ, ಅವಳ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ನಾವಿಬ್ಬರೂ ಜೊತೆಯಾದಾಗಿನಿಂದ ಅವಳು ನಮ್ಮ ನಡುವೆ ಇದ್ದವಳು. ಆ ದಿನ ಅವಳನ್ನು ಎಲ್ಲೋ ಬಿಟ್ಟು ಬರಲು ನನಗೆ ಮನಸ್ಸೇ ಬರಲಿಲ್ಲ. ಹಾಗಾಗಿ ಇಡೀ ದಿನ ಬೇಡ, ಮದುವೆಯ ಮುಖ್ಯ ಘಳಿಗೆ ಮತ್ತು ಒಂದಿಷ್ಟು ಫೋಟೋ, ಅಷ್ಟಕ್ಕೆ ಅವಳು ಇರಲಿ ಎಂದು ತೀರ್ಮಾನಿಸಿದೆವು. ಅಷ್ಟೂ ಬೇಡವೆಂದು ಅವಳಿಗೆ ಅನಿಸಿದರೆ ಆ ಕ್ಷಣವೇ ಹೊರಗೆ ಕರೆದೊಯ್ಯುವುದು. ಈ ಮಾತನ್ನು ಎರಡೂ ಮನೆಯವರಿಗೆ ಬಿಡಿಸಿ ಹೇಳಿದ್ದೆವು. ಆ ದಿನ ಯಾರೂ 'ಇನ್ನೊಂದು ಸಲ ಕರೆದುಕೊಂಡು ಬನ್ನಿ' ಎಂದು ಒತ್ತಾಯ ಮಾಡಲಿಲ್ಲ ಎಂದರೆ ಅದಕ್ಕೆ ಇದೇ ಕಾರಣ.

ಜಾಗ ಹುಡುಕುವುದು ತಲೆನೋವಿನ ಕೆಲಸ. ಒಂದು ಕಡೆ ಫೋನಿನಲ್ಲಿ ಧಾರಾಳವಾಗಿ ಒಪ್ಪಿದರು, ಬರವಣಿಗೆಯಲ್ಲಿ ಕೊಡಿ ಎಂದಾಗ ಮಾತು ಬದಲಿಸಿದರು. ನಾಯಿ ಬರಬಹುದಾ ಎಂದು ಮಾತ್ರ ಕೇಳಿದರೆ ಸಾಲದು. ಯಾವ ಬಾಗಿಲಿಂದ ಬರಬೇಕು, ಒಳಗೆ ಎಲ್ಲಿಯವರೆಗೆ ಬರಬಹುದು, ಅವಳಿಗೆಂದೇ ಬಾಗಿಲು ಹಾಕಿಕೊಳ್ಳುವಂಥ ಕೋಣೆ ಇದೆಯಾ, ಅಡುಗೆ ಮಾಡುವ ಜಾಗ ಎಷ್ಟು ದೂರ, ಆ ಹೊತ್ತಿಗೆ ಪಕ್ಕದಲ್ಲಿ ಬೇರೆ ಕಾರ್ಯಕ್ರಮ ಇದೆಯಾ, ಪಟಾಕಿ ಅಥವಾ ಕಾಗದದ ಚೂರು ಸಿಡಿಸುವುದು ಇದೆಯಾ, ಇಷ್ಟನ್ನೂ ಕೇಳಿ ಬರೆಸಿಕೊಳ್ಳಬೇಕು. ಕೊನೆಗೆ ಒಪ್ಪಿದ ಜಾಗದವರು ರೇಬೀಸ್ ಲಸಿಕೆಯ ಪ್ರಮಾಣಪತ್ರ ಕೇಳಿದರು. ಕೇಳಿದ್ದು ನ್ಯಾಯವೇ. ಹಿಂದುಗಡೆ ಒಂದು ಸಣ್ಣ ಕೋಣೆಯನ್ನೂ ಬಿಟ್ಟುಕೊಟ್ಟರು. ನಿಜ ಹೇಳಬೇಕೆಂದರೆ ಆ ಕೋಣೆ ನೋಡಿಯೇ ನಾವು ಆ ಜಾಗವನ್ನು ಗಟ್ಟಿ ಮಾಡಿದ್ದು.

ಬರುವವರ ಪಟ್ಟಿಯನ್ನೂ ಒಮ್ಮೆ ನಾಯಿಯ ಕಣ್ಣಿಂದ ನೋಡಿದೆವು. ನಾಯಿ ಕಂಡರೆ ಹೆದರುವವರು ಯಾರು, ಅಲರ್ಜಿ ಇರುವವರು ಯಾರು, ಓಡಿ ಬಂದು ತಬ್ಬಿಕೊಳ್ಳುವ ಮಕ್ಕಳು ಯಾರು. ಹೆದರುವವರಿಗೆ ನಾವೇ ಫೋನ್ ಮಾಡಿ ಅವಳು ಎಷ್ಟು ಹೊತ್ತಿಗೆ ಇರುತ್ತಾಳೆ, ಯಾವ ಕಡೆ ಇರುತ್ತಾಳೆ, ಬೆಲ್ಟ್ ಹಾಕಿ ಹಿಡಿದುಕೊಂಡೇ ಇರುತ್ತೇವೆ ಎಂದು ತಿಳಿಸಿದೆವು. ನಮ್ಮ ಹತ್ತಿರದ ಒಬ್ಬರಿಗೆ ಚಿಕ್ಕಂದಿನಲ್ಲಿ ನಾಯಿ ಕಚ್ಚಿತ್ತು. ಅವರಿಗೆ ಎದುರು ಬದಿಯಲ್ಲಿ, ಬಾಗಿಲ ಹತ್ತಿರ ಕುರ್ಚಿ ಇಡಿಸಿದೆವು. ಅವರ ಭಯವೂ ನಿಜವಾದ ಭಯವೇ ಅಲ್ವಾ.

ಆಮೇಲೆ ಪಶುವೈದ್ಯರ ಹತ್ತಿರ ಹೋದೆವು. 'ಆ ದಿನಕ್ಕೆ ಏನಾದರೂ ಮಾತ್ರೆ ಕೊಟ್ಟು ಶಾಂತವಾಗಿಡಿ' ಎಂದು ಸಲಹೆ ಕೊಟ್ಟವರು ಬಹಳ. ವೈದ್ಯರು ಇದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದರು. ಹಿಂದೆಲ್ಲ ಹೆಚ್ಚಾಗಿ ಕೊಡುತ್ತಿದ್ದ ಏಸ್‌ಪ್ರೊಮಝೀನ್‌ನಂಥ ಔಷಧಿ ಮೈಯನ್ನು ಜೋಲು ಬೀಳಿಸುತ್ತದೆ, ಒಳಗಿನ ಭಯವನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ನಾಯಿ ಶಾಂತವಾಗಿದೆ ಎಂದು ನಮಗೆ ಕಾಣುತ್ತದೆ, ಆದರೆ ಅದು ಹೆದರಿಕೊಂಡೇ ಮಲಗಿರಬಹುದು. ಈಗ ಭಯವನ್ನೇ ತಗ್ಗಿಸುವ ಗ್ಯಾಬಪೆಂಟಿನ್, ಟ್ರಾಝೊಡೋನ್ ಥರದ್ದನ್ನು ಕೊಡುತ್ತಾರೆ. ಅದನ್ನೂ ಮೊದಲು ಮನೆಯಲ್ಲಿ ಒಂದು ಸಾಧಾರಣ ದಿನ ಕೊಟ್ಟು ನೋಡಬೇಕು, ಯಾಕೆಂದರೆ ಪ್ರಮಾಣ ಮತ್ತು ಪರಿಣಾಮ ಒಂದೊಂದು ನಾಯಿಗೆ ಒಂದೊಂದು ಥರ. ಮನುಷ್ಯರ ಮಾತ್ರೆಯನ್ನಂತೂ ನಾವೇ ಕೊಡಲೇಬಾರದು. ಚುಕ್ಕಿಯನ್ನು ಪರೀಕ್ಷಿಸಿ, ನಮ್ಮ ಯೋಜನೆ ಕೇಳಿ, 'ಜೋರು ಸದ್ದಿನ ಹೊತ್ತಿಗೆ ಅವಳು ಅಲ್ಲಿ ಇರಲೇಬಾರದು, ಅದೇ ಅವಳಿಗೆ ಔಷಧಿ' ಎಂದರು. ಆ ಮಾತು ನಮ್ಮ ಇಡೀ ವೇಳಾಪಟ್ಟಿಯನ್ನೇ ಬದಲಿಸಿತು. ಸಂಗೀತ, ಚಪ್ಪಾಳೆ, ಕುಣಿತ ಎಲ್ಲವೂ ಅವಳು ಹೊರಟ ಮೇಲೆ ಎಂದಾಯಿತು.

ಅಭ್ಯಾಸದ ವಿಷಯಕ್ಕೆ ಬರುತ್ತೇನೆ. ಇದರಲ್ಲೇ ನಮಗೆ ಅತಿ ಹೆಚ್ಚು ಸಂತೋಷ ಸಿಕ್ಕಿದ್ದು.

ಉಂಗುರ ತರುವುದು, ಹೂವಿನ ಬುಟ್ಟಿ ಕಚ್ಚಿಕೊಂಡು ಬರುವುದು, ಇವೆಲ್ಲ ನೋಡಲು ಚೆಂದ. ಆದರೆ ನಾವು ಕಲಿಸಿದ್ದು ಮುಖ್ಯವಾಗಿ ಒಂದೇ, ತನ್ನ ಮ್ಯಾಟ್ ಮೇಲೆ ಹೋಗಿ ಮಲಗಿ ಆರಾಮಾಗಿ ಇರುವುದು. ನೀಲಿ ಬಣ್ಣದ ಮ್ಯಾಟ್ ತಂದೆವು. ನಾಯಿಗಳ ಕಣ್ಣು ನೀಲಿ ಮತ್ತು ಹಳದಿಯನ್ನು ಚೆನ್ನಾಗಿ ಗುರುತಿಸುತ್ತದೆ. ಕೆಂಪು ಮತ್ತು ಹಸಿರನ್ನು ನಮ್ಮ ಹಾಗೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಅಲಂಕಾರಕ್ಕೆ ಹೊಂದುವ ಕೆಂಪಿಗಿಂತ ಅವಳ ಕಣ್ಣಿಗೆ ದೂರದಿಂದಲೇ ಬೀಳುವ ನೀಲಿ ಒಳ್ಳೆಯದೆನಿಸಿತು. ಮ್ಯಾಟ್ ಹಾಸುವುದು, ಅವಳು ಕಾಲಿಟ್ಟ ತಕ್ಷಣ ಒಂದು ತುಣುಕು ತಿಂಡಿ. ಕೂತರೆ ಇನ್ನೊಂದು. ಮಲಗಿದರೆ ಮತ್ತೊಂದು. ಮುಂಗಾಲುಗಳ ನಡುವೆ ಇಡುವುದು, ಕೈಯಿಂದ ಕೊಡುವುದಲ್ಲ, ಆಗ ಅವಳ ಗಮನ ನಮ್ಮ ಕೈ ಕಡೆ ಹೋಗದೆ ಮ್ಯಾಟ್ ಕಡೆಗೇ ಉಳಿಯುತ್ತದೆ. ಒಂದು ಸಂಜೆ ಅವಳು ಮಲಗಿದ್ದಾಗ ನಾನು ನೋಡುತ್ತಾ ಕೂತಿದ್ದೆ. ಮೊದಲು ಸಿಂಹದ ಹಾಗೆ ಎರಡೂ ಹಿಂಗಾಲನ್ನು ಕೆಳಗೆ ಮಡಚಿ, ಯಾವಾಗ ಬೇಕಾದರೂ ಎದ್ದೇಳಲು ತಯಾರಾಗಿದ್ದಳು. ಸ್ವಲ್ಪ ಹೊತ್ತಿಗೆ ಸೊಂಟ ಒಂದು ಪಕ್ಕಕ್ಕೆ ವಾಲಿತು, ಹಿಂಗಾಲು ಎರಡೂ ಒಂದೇ ಬದಿಗೆ ಬಂದವು. ಆಮೇಲೆ ಗದ್ದ ನೆಲಕ್ಕೆ ಇಳಿಯಿತು, ಮೂಗಿನಿಂದ ಒಂದು ಉದ್ದ ಉಸಿರು ಬಂತು. ಆ ಸೊಂಟ ವಾಲುವುದೇ ನಮಗೆ ಗುರುತಾಯಿತು. ಅಲ್ಲಿಯವರೆಗೆ ಅವಳು ಕಾಯುತ್ತಿರುತ್ತಾಳೆ, ಅದಾದ ಮೇಲೆ ನಿಜವಾಗಿ ಆರಾಮಾಗಿರುತ್ತಾಳೆ.

ಮನೆಯಲ್ಲಿ ಕಲಿತದ್ದು ಬೇರೆ ಜಾಗದಲ್ಲಿ ತಾನಾಗಿ ಬರುವುದಿಲ್ಲ. ನಾಯಿಗೆ 'ಅಡುಗೆಮನೆಯಲ್ಲಿ ಮಲಗು' ಮತ್ತು 'ಪಾರ್ಕಿನಲ್ಲಿ ಮಲಗು' ಎರಡೂ ಬೇರೆ ಬೇರೆ ಪಾಠ. ಅದಕ್ಕೆ ಮ್ಯಾಟನ್ನು ಬಾಗಿಲ ಹೊರಗೆ, ಅಂಗಳದಲ್ಲಿ, ಗೆಳೆಯರ ಮನೆಯಲ್ಲಿ, ಪಾರ್ಕಿನ ಮೂಲೆಯಲ್ಲಿ ಹಾಸಿದೆವು. ಹೊಸ ಜಾಗ ಬಂದಾಗಲೆಲ್ಲ ಪಾಠವನ್ನು ಮತ್ತೆ ಸುಲಭದಿಂದ ಶುರು ಮಾಡಿದೆವು. ಅಮೆರಿಕದ ಪಶುವೈದ್ಯೆ ಕ್ಯಾರನ್ ಓವರಾಲ್ ಅವರು ರೂಪಿಸಿದ 15 ದಿನಗಳ ರಿಲ್ಯಾಕ್ಸೇಶನ್ ಪ್ರೋಟೋಕಾಲ್ ಎಂಬ ಅಭ್ಯಾಸಕ್ರಮವೊಂದಿದೆ. ನಾಯಿ ಶಾಂತವಾಗಿ ಕೂತಿರುವಾಗ ನಾವು ಒಂದು ಹೆಜ್ಜೆ ಹಿಂದೆ ಹೋಗುವುದು, ಚಪ್ಪಾಳೆ ತಟ್ಟುವುದು, ಸುತ್ತ ನಡೆಯುವುದು, ಬಾಗಿಲವರೆಗೆ ಹೋಗಿ ಬರುವುದು, ಹೀಗೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ನಾವು ಅದನ್ನು ಅವಳ ವೇಗಕ್ಕೆ ತಕ್ಕಂತೆ ನಿಧಾನ ಮಾಡಿಕೊಂಡೆವು. ಒಂದು ಮೆಟ್ಟಿಲು ಕಷ್ಟವಾದರೆ ಅದಕ್ಕಿಂತ ಕೆಳಗಿನದಕ್ಕೆ ಇಳಿಯುವುದು, ಅಷ್ಟೇ.

ಸದ್ದಿಗೆ ಒಗ್ಗಿಸಲು ಚಪ್ಪಾಳೆ, ಜನರ ಗದ್ದಲ, ಡ್ರಮ್ ಇವುಗಳ ರೆಕಾರ್ಡಿಂಗ್ ಹಾಕಿದೆವು. ಶುರುವಿನಲ್ಲಿ ನಮಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗಿನ ತೀರಾ ಕೀಚಲು ಸದ್ದನ್ನೂ ಕೇಳಿಸಿಕೊಳ್ಳುತ್ತದೆ, ನಮ್ಮದು 20,000ಕ್ಕೆ ಮುಗಿಯುತ್ತದೆ. ನಮಗೆ ಕೇಳಿಸದ್ದು ಅವಳಿಗೂ ಕೇಳಿಸುವುದಿಲ್ಲ ಎಂದುಕೊಳ್ಳಬಾರದು. ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಸದ್ದು, ಆಮೇಲೆ ತಿಂಡಿ. ಸದ್ದು ನಿಂತರೆ ತಿಂಡಿಯೂ ನಿಲ್ಲಬೇಕು. ಆಗ ಸದ್ದೇ ಒಳ್ಳೆಯ ಸುದ್ದಿಯಾಗುತ್ತದೆ. ಪಾವ್ಲೋವ್ ಅವರ ನಾಯಿಗಳ ಕಥೆ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ, ಅದೇ ತತ್ವ ಇದು. ಒಂದು ಸಂಜೆ ಚಪ್ಪಾಳೆ ಸದ್ದು ಕೇಳಿ ಚುಕ್ಕಿ ಕಿವಿ ಹಿಂದೆ ಮಾಡದೆ ನನ್ನ ಮುಖ ನೋಡಿದಳು, ಎಲ್ಲಿ ತಿಂಡಿ ಅನ್ನುವ ಹಾಗೆ. ನಾನು ಅವತ್ತು ಕುಣಿದಾಡಿಬಿಟ್ಟೆ. ಆದರೂ ನಿಜವಾದ ಡ್ರಮ್ ಬೇರೆ, ಸ್ಪೀಕರಿನ ಡ್ರಮ್ ಬೇರೆ. ನೆಲ ನಡುಗುವುದನ್ನು ಸ್ಪೀಕರಿನಲ್ಲಿ ಕಲಿಸಲು ಆಗುವುದಿಲ್ಲ. ಹಾಗಾಗಿ ಇಷ್ಟೆಲ್ಲ ಕಲಿತರೂ ಜೋರು ಸದ್ದಿನ ಹೊತ್ತಿಗೆ ಅವಳು ಅಲ್ಲಿರಬಾರದು ಎಂಬ ನಿಯಮವನ್ನು ನಾವು ಸಡಿಲಿಸಲಿಲ್ಲ.

ಡ್ರೆಸ್ ಬೇಡ ಎಂದೆವು. ಬಟ್ಟೆ ಹಾಕಿದರೆ ಅವಳು ನಡಿಗೆಯನ್ನೇ ಮರೆತವಳಂತೆ ನಿಂತುಬಿಡುತ್ತಾಳೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ, ಬೆವರುವುದು ಪಾದದಲ್ಲಿ ಮಾತ್ರ. ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ ಸೆಕೆಯಲ್ಲಿ ಕೂರಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವಳಿಗೆ ಒಗ್ಗಿದ ಹಳೆಯ ಎದೆಪಟ್ಟಿಗೇ ಒಂದು ಹಳದಿ ರಿಬ್ಬನ್ ಕಟ್ಟಿದೆವು. ನಾಯಿಯ ಬೆಲ್ಟಿಗೆ ಹಳದಿ ರಿಬ್ಬನ್ ಇದ್ದರೆ ಅದಕ್ಕೆ ಜಾಗ ಕೊಡಿ, ಮುಟ್ಟಬೇಡಿ ಎಂಬ ಸಂಕೇತ ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ ಎಂದು ಬಾಗಿಲಲ್ಲೇ ಒಂದು ಬೋರ್ಡ್ ಇಟ್ಟೆವು: 'ನಾನು ಚುಕ್ಕಿ. ನನ್ನನ್ನು ನೋಡಿ ನಗಿ, ಮುಟ್ಟಬೇಡಿ, ತಿನ್ನಲು ಏನೂ ಕೊಡಬೇಡಿ.' ಮಕ್ಕಳು ಅದನ್ನು ಜೋರಾಗಿ ಓದಿ ದೊಡ್ಡವರಿಗೆ ಹೇಳಿಕೊಟ್ಟರು. ಉಂಗುರದ ಆಸೆ ನನ್ನ ಹುಡುಗನಿಗೆ ಸ್ವಲ್ಪ ಇತ್ತು. ಅದಕ್ಕೆ ರಿಬ್ಬನ್ ಪಕ್ಕದಲ್ಲಿ ಖಾಲಿ ಚೀಲವೊಂದನ್ನು ಹೊಲಿದೆವು, ನಿಜವಾದ ಉಂಗುರಗಳು ನನ್ನ ತಂಗಿಯ ಹತ್ತಿರ ಇದ್ದವು. ನಾಯಿ ಉಂಗುರ ನುಂಗಿದರೆ ಅದು ಹೊಟ್ಟೆಯ ಆಪರೇಶನ್‌ವರೆಗೂ ಹೋಗಬಹುದು, ಆ ಅಪಾಯ ಯಾಕೆ ಬೇಕು?

ಹೂವಿನ ಬಗ್ಗೆ ಎಲ್ಲರೂ ಮರೆಯುತ್ತಾರೆ. ಕಣಗಿಲೆ ನೋಡಲು ಎಷ್ಟು ಚೆಂದವೋ ನಾಯಿಯ ಹೃದಯಕ್ಕೆ ಅಷ್ಟೇ ಅಪಾಯ. ಲಿಲಿ ಆಫ್ ದ ವ್ಯಾಲಿ ಕೂಡ ಹಾಗೇ. ಅಲಂಕಾರಕ್ಕೆ ಕುಂಡದಲ್ಲಿ ಇಡುವ ಸೈಕಸ್ ಗಿಡ ಯಕೃತ್ತನ್ನು ಹಾಳು ಮಾಡುತ್ತದೆ, ಅದರ ಬೀಜ ಇನ್ನೂ ಕೆಟ್ಟದ್ದು. ಅಲಂಕಾರ ಮಾಡುವವರಿಗೆ ಇವು ಬೇಡ ಎಂದು ಬರೆದೇ ಕೊಟ್ಟೆವು. ಊಟದ ಮೇಜಿನದು ಇನ್ನೊಂದು ಚಿಂತೆ. ಚಾಕೊಲೇಟ್ ಎಲ್ಲರಿಗೂ ಗೊತ್ತು. ದ್ರಾಕ್ಷಿ ಮತ್ತು ಒಣದ್ರಾಕ್ಷಿಯಿಂದ ಕಿಡ್ನಿ ಕೈಕೊಡಬಹುದು ಎಂಬುದು ತುಂಬಾ ಜನರಿಗೆ ಗೊತ್ತಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಎಂದು ವಿಷವೈದ್ಯ ತಜ್ಞರು ಹೇಳಿದ್ದು 2021ರಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಆಗುವುದಿಲ್ಲ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮಿನಲ್ಲಿರುವ ಝೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಒಮ್ಮೆಲೇ ಕುಸಿಯುವಂತೆ ಮಾಡುತ್ತದೆ. ಅದಕ್ಕೇ ಅವಳ ದಾರಿ ಊಟದ ಜಾಗದ ಹತ್ತಿರವೂ ಹಾಯದ ಹಾಗೆ ನೋಡಿಕೊಂಡೆವು. ತಡರಾತ್ರಿ ತೆರೆದಿರುವ ಪಶು ಆಸ್ಪತ್ರೆಯ ನಂಬರ್ ಮೂವರ ಫೋನಿನಲ್ಲಿ ಇತ್ತು.

ನನ್ನನ್ನು ಕೇಳಿದರೆ ಈ ಎಲ್ಲಕ್ಕಿಂತ ದೊಡ್ಡ ವಿಷಯ ನಾಯಿಯನ್ನು ನೋಡಿಕೊಳ್ಳುವ ಮನುಷ್ಯರದು. ಮದುಮಗಳು, ಮದುಮಗ ಇಬ್ಬರಿಗೂ ಆ ದಿನ ನಾಯಿ ನೋಡಿಕೊಳ್ಳಲು ಸಾಧ್ಯವಿಲ್ಲ. ಅಪ್ಪ ಅಮ್ಮನಿಗೂ ಆಗುವುದಿಲ್ಲ. ಯಾರಾದರೂ ನೋಡಿಕೊಳ್ಳುತ್ತಾರೆ ಬಿಡು ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಚುಕ್ಕಿಗೆ ತುಂಬಾ ಸಲಿಗೆ ಇರುವ ನನ್ನ ಗೆಳತಿಯನ್ನು ಕೇಳಿಕೊಂಡೆ. ಆ ದಿನ ನಿನಗೆ ಬೇರೆ ಯಾವ ಕೆಲಸವೂ ಇಲ್ಲ, ಫೋಟೋಗೂ ಕರೆಯುವುದಿಲ್ಲ, ಅವಳು ಎಲ್ಲಿರುತ್ತಾಳೋ ನೀನೂ ಅಲ್ಲೇ, ಅವಳು ಹೊರಡಬೇಕು ಎಂದು ನಿನಗೆ ಅನಿಸಿದರೆ ನಮ್ಮನ್ನು ಕೇಳಲೇಬೇಡ, ಹೊರಟುಬಿಡು ಎಂದೆ. ಅವಳು ಮನಸ್ಸಿಟ್ಟು ಒಪ್ಪಿದಳು. ಅಷ್ಟೇ ಅಲ್ಲ, ಕೆಲವು ವಾರ ನಮ್ಮ ಜೊತೆ ಅಭ್ಯಾಸಕ್ಕೂ ಬಂದಳು. ನಾರ್ವೆಯ ತರಬೇತುದಾರ್ತಿ ಟೂರಿಡ್ ರೂಗಾಸ್ ಗುರುತಿಸಿದ 'ಶಾಂತಗೊಳಿಸುವ ಸಂಕೇತ'ಗಳನ್ನು ನಾವು ಮೂವರೂ ಕೂತು ಕಲಿತೆವು. ನಿದ್ದೆ ಇಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ಮೂಗು ನೆಕ್ಕಿಕೊಳ್ಳುವುದು, ಮುಖ ಪಕ್ಕಕ್ಕೆ ತಿರುಗಿಸುವುದು, ಸುಮ್ಮಸುಮ್ಮನೆ ನೆಲ ಮೂಸುವುದು. ಬಾಲ ಅಲ್ಲಾಡುತ್ತಿದೆ ಎಂದರೆ ಖುಷಿಯಾಗಿದೆ ಎಂದೇ ಅಲ್ಲ. ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡಿದರೆ ಆ ಕ್ಷಣವೇ ಜಾಗ ಬಿಡಿಸಬೇಕು. ಮದುವೆಯ ಹಿಂದಿನ ದಿನ ಖಾಲಿ ಜಾಗಕ್ಕೆ ಕರೆದೊಯ್ದು ಉದ್ದ ಬೆಲ್ಟಿನಲ್ಲಿ ಮನಸ್ಸು ತುಂಬುವಷ್ಟು ಮೂಸಲು ಬಿಟ್ಟೆವು. ಕುರ್ಚಿಯ ಕಾಲು, ಪರದೆ, ವೇದಿಕೆಯ ಮೆಟ್ಟಿಲು, ಒಂದನ್ನೂ ಬಿಡಲಿಲ್ಲ.

ಆ ದಿನ ಬೆಳಿಗ್ಗೆ ಗೆಳತಿ ಅವಳನ್ನು ಉದ್ದ ವಾಕ್‌ಗೆ ಕರೆದೊಯ್ದಳು. ಓಡಿಸುವುದಲ್ಲ, ನಿಧಾನವಾಗಿ ಮೂಸುತ್ತಾ ಹೋಗುವ ವಾಕ್. ಊಟವನ್ನು ಎಂದಿನ ಹೊತ್ತಿಗೇ ಸ್ವಲ್ಪ ಕಡಿಮೆ ಕೊಟ್ಟೆವು. ಅತಿಥಿಗಳು ಕೂತು ಗದ್ದಲ ತಗ್ಗಿದ ಮೇಲೆ ಹಿಂಬಾಗಿಲಿಂದ ಆ ಸಣ್ಣ ಕೋಣೆಗೆ ಬಂದರು. ಅಲ್ಲಿ ಅವಳ ನೀರಿನ ಬಟ್ಟಲು, ನನ್ನ ಹಳೆಯ ದುಪಟ್ಟಾ, ಒಂದು ಫ್ಯಾನು.

ನಾವು ವೇದಿಕೆಯಲ್ಲಿದ್ದೆವು. ನಡುದಾರಿಯ ಆ ತುದಿಯಲ್ಲಿ ಅವಳು ಕಾಣಿಸಿಕೊಂಡಳು. ಮೊದಲೇ ಕೇಳಿಕೊಂಡಿದ್ದರಿಂದ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಹೆಸರು ಕೂಗಲಿಲ್ಲ, ಫೋಟೋ ತೆಗೆಯುವವರು ಫ್ಲಾಶ್ ಆರಿಸಿ ದೂರದಿಂದಲೇ ತೆಗೆದರು. ಅರ್ಧ ದಾರಿಗೆ ಬಂದಾಗ ಯಾರದ್ದೋ ಕುರ್ಚಿ ಕರ್ರ್ ಎಂದು ಸರಿಯಿತು. ಚುಕ್ಕಿ ನಿಂತಳು. ಮುಂಗಾಲು ಒಂದು ಗಾಳಿಯಲ್ಲೇ ನಿಂತಿತ್ತು, ಮೈಯ ಭಾರವೆಲ್ಲ ಹಿಂದಕ್ಕೆ ಹೋಯಿತು, ನಾಲಿಗೆಯ ತುದಿ ಒಮ್ಮೆ ಮೂಗಿನ ಮೇಲೆ ಸರಕ್ಕನೆ ಆಡಿ ಒಳಗೆ ಹೋಯಿತು. ಗೆಳತಿ ಬೆಲ್ಟ್ ಎಳೆಯಲಿಲ್ಲ. ಅವಳಿಗೆ ಪಕ್ಕ ತೋರಿಸಿ ನಿಂತಳು, ಬೆಲ್ಟ್ ಸಡಿಲ ಬಿಟ್ಟಳು, ನಾಲ್ಕು ತುಣುಕು ತಿಂಡಿಯನ್ನು ಕಾರ್ಪೆಟ್ ಮೇಲೆ ಮೆಲ್ಲಗೆ ಉದುರಿಸಿದಳು. ಚುಕ್ಕಿ ಮೂಗು ಕೆಳಗೆ ಹಾಕಿ ಒಂದೊಂದನ್ನೇ ಹುಡುಕಿ ತಿಂದಳು. ಅಷ್ಟೂ ಹೊತ್ತು ಅಷ್ಟು ಜನ ತುಟಿ ಪಿಟಕ್ಕೆನ್ನದೆ ಕಾದರು. ಅದು ನನಗೆ ಅವತ್ತು ಸಿಕ್ಕ ದೊಡ್ಡ ಉಡುಗೊರೆ. ತಿಂದು ಮುಗಿಸಿ ತಲೆ ಎತ್ತಿದಾಗ ಅವಳಿಗೆ ನೀಲಿ ಮ್ಯಾಟ್ ಕಂಡಿತು. ಆಮೇಲೆ ಗೆಳತಿಯೇ ಹೆಜ್ಜೆ ಜೋರು ಮಾಡಬೇಕಾಯಿತು. ಸೀದಾ ಬಂದು ನಮ್ಮ ಕಾಲ ಬಳಿ ಮಲಗಿದಳು. ನಾವು ಒಬ್ಬರಿಗೊಬ್ಬರು ಮಾತು ಕೊಡುವಾಗ ನಾನು ಒಮ್ಮೆ ಕೆಳಗೆ ನೋಡಿದೆ. ಸೊಂಟ ಪಕ್ಕಕ್ಕೆ ವಾಲಿತ್ತು. ನನಗೆ ಅಳು ಬಂದುಬಿಟ್ಟಿತು, ಎದುರಿಗಿದ್ದ ನನ್ನ ಹುಡುಗ ಮಾತಿನ ನಡುವೆ ಯಾಕೆ ಎಂದು ನೋಡಿ, ಅವನೂ ಕೆಳಗೆ ನೋಡಿ, ಅವನ ಕಣ್ಣೂ ತುಂಬಿತು.

ಉಂಗುರ ಹಾಕಿದ ಕೂಡಲೇ, ಚಪ್ಪಾಳೆಗೆ ಮುಂಚೆ, ಗೆಳತಿ ಅವಳನ್ನು ಪಕ್ಕದ ಬಾಗಿಲಿಂದ ಹೊರಗೆ ಕರೆದೊಯ್ದಳು. ಬಾಗಿಲು ಮುಚ್ಚಿದ ಮೇಲೆ ತಂಗಿ ಕೈ ಎತ್ತಿ ಸನ್ನೆ ಮಾಡಿದಳು, ಆಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿನ ನಂತರ ಹೊರಗೆ ಮರದ ನೆರಳಲ್ಲಿ ಫೋಟೋ. ಬಿಸಿಲಿನ ನೆಲಕ್ಕೆ ಮೊದಲು ನಾವು ಅಂಗೈ ಹಿಂಭಾಗ ಇಟ್ಟು ನೋಡಿದೆವು, ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಬಿಸಿಯೇ. ಹಾಗಾಗಿ ಹುಲ್ಲಿನ ಮೇಲೇ ಇದ್ದೆವು. ಎಲ್ಲರೂ ಸೇರಿ ನಿಲ್ಲುವ ದೊಡ್ಡ ಫೋಟೋಗೆ ಅವಳನ್ನು ನಿಲ್ಲಿಸಲಿಲ್ಲ. ಮೊದಲು ನಾವು ಮೂವರು, ಆಮೇಲೆ ಅಪ್ಪ ಅಮ್ಮಂದಿರ ಜೊತೆ. ಅವಳು ಆಕಳಿಸಲು ಶುರು ಮಾಡಿದಳು. ಗೆಳತಿ ನಮ್ಮ ಕಡೆ ನೋಡಿ ತಲೆಯಾಡಿಸಿದಳು, ಅಲ್ಲಿಗೆ ಮುಗಿಸಿದೆವು. ಇಬ್ಬರೂ ಕಾರು ಹತ್ತಿ ಮನೆಗೆ ಹೋದರು. ಸಂಗೀತ ಶುರುವಾಗುವ ಹೊತ್ತಿಗೆ ಗೆಳತಿಯಿಂದ ಮೆಸೇಜ್ ಬಂತು, ಚುಕ್ಕಿ ನೀರು ಕುಡಿದು ಸೋಫಾ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದಾಳೆ ಎಂದು. ಅವಳ ನಿದ್ದೆ ಗಟ್ಟಿಯಾದ ಮೇಲೆ ನನ್ನ ತಮ್ಮ ಅಲ್ಲಿಗೆ ಹೋಗಿ ಕೂತ, ಗೆಳತಿ ವಾಪಸ್ ಬಂದು ನಮ್ಮ ಜೊತೆ ಊಟ ಮಾಡಿದಳು. ಈ ಬದಲಿ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಳ್ಳಿ, ನಾಯಿಗಾಗಿ ಒಬ್ಬರ ಇಡೀ ದಿನವನ್ನು ತೆಗೆದುಕೊಳ್ಳುವುದು ನ್ಯಾಯವಲ್ಲ.

ಮದುವೆಯಾದ ಮೇಲೂ ಕೆಲವು ದಿನ ಅವಳಿಗೆ ಅತಿಥಿಗಳಿಲ್ಲದ ಮನೆ ಬೇಕು ಎಂದು ವೈದ್ಯರು ಹೇಳಿದ್ದರು. ಒತ್ತಡದ ಹಾರ್ಮೋನುಗಳು ಇಳಿಯಲು ಸಮಯ ಹಿಡಿಯುತ್ತದಂತೆ, ನಾಯಿಗೆ ಖುಷಿಯ ಗಡಿಬಿಡಿಯೂ ಗಡಿಬಿಡಿಯೇ. ಹಾಗಾಗಿ ನೋಡಲು ಬರುತ್ತೇವೆ ಎಂದವರನ್ನು ಮುಂದಿನ ವಾರಕ್ಕೆ ಬನ್ನಿ ಎಂದೆವು, ನಮ್ಮ ಪ್ರವಾಸವನ್ನೂ ಮುಂದಕ್ಕೆ ಹಾಕಿದೆವು. ಅವಳು ಜಾಸ್ತಿ ನಿದ್ದೆ ಮಾಡಿದಳು, ಊಟ ಎಂದಿನಂತೆ ಮಾಡಿದಳು. ಆ ನೀಲಿ ಮ್ಯಾಟ್ ಈಗ ಎಲ್ಲಿ ಹೋದರೂ ನಮ್ಮ ಜೊತೆ ಬರುತ್ತದೆ. ಮೊನ್ನೆ ಲಸಿಕೆಗೆ ಹೋದಾಗ ವೈದ್ಯರ ಕೋಣೆಯಲ್ಲಿ ಅದನ್ನು ಹಾಸಿದೆವು, ಅವಳು ಹೋಗಿ ಮಲಗಿದಳು, ವೈದ್ಯರು ನೆಲದ ಮೇಲೇ ಕೂತು ಸೂಜಿ ಹಾಕಿದರು.